ಬೀಳುವ ಪಾಠ

ಮೊದಲ ಮೂರು ತಿಂಗಳು ಜುಂಬೇರ್ ಮೇಷ್ಟ್ರು
ಯಾರನ್ನೂ ಎತ್ತಿ ಒಗೆಯಲು ಬಿಡಲಿಲ್ಲ.
ಬೀಳಿ, ಅಂದರು. ಬಿದ್ದೆವು.
ಏಳಿ, ಅಂದರು. ಎದ್ದೆವು.
ಇನ್ನೊಮ್ಮೆ.

ಚಿಯಾತುರಾ ಗಣಿಯೂರು. ಕ್ವಿರಿಲಾ ಹೊಳೆಯ ದಂಡೆಗೆ
ಹಿಂದೆ ಕಾರ್ಮಿಕರ ಕ್ಯಾಂಟೀನಾಗಿದ್ದ ಉದ್ದ ಕೋಣೆ;
ಗೋಡೆಯಲ್ಲಿ ಇನ್ನೂ ಎಲೆಕೋಸಿನ ಸಾರಿನ ವಾಸನೆ,
ಜೂಡೊ ಚಾಪೆಯ ಮೇಲೆ ಮ್ಯಾಂಗನೀಸಿನ ಕರಿಹುಡಿ.
ಆರಕ್ಕೆ ನಾವು ಬರುವಷ್ಟರಲ್ಲಿ ಒರೆಸಿ ಮುಗಿಸಿರುತ್ತಿದ್ದರು,
ಎಂಟಕ್ಕೆ ನಾವು ಹೋದ ಮೇಲೆ ಮತ್ತೆ ಒರೆಸುತ್ತಿದ್ದರು.
ಗಣಿ ನಿಲ್ಲಲಿಲ್ಲ, ಹುಡಿ ನಿಲ್ಲಲಿಲ್ಲ,
ಬಕೆಟ್ಟಿನ ನೀರು ದಿನಾ ಕಪ್ಪು.

"ಗದ್ದ ಎದೆಗೆ. ಬೆನ್ನು ಬಿಲ್ಲು.
ಅಂಗೈ ನೆಲಕ್ಕೆ ಬಡಿಯಲಿ, ಸದ್ದು ಹೊಳೆಯಾಚೆ ಕೇಳಲಿ.
ಮೀಸೆ ಮಣ್ಣಾದರೆ ಆಗಲಿ, ತಲೆ ತಾಗಬಾರದು."
ಹನ್ನೊಂದರ ನಮಗೆಲ್ಲಿಯ ಮೀಸೆ!
ಇದ್ದದ್ದು ಅವರೊಬ್ಬರಿಗೆ, ಅದೂ ಅರ್ಧ ನರೆತು,
ಉಳಿದರ್ಧ ನರೆಯಿತೋ ಇಲ್ಲವೋ
ಗಣಿಯ ಹುಡಿಯಲ್ಲಿ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ವಾರ ಗುರಾಮ್ ಬಿಟ್ಟ.
ಇದೇನು, ಬೀಳುವುದಕ್ಕೂ ಫೀಸೇ ಎಂದು ಅವನಪ್ಪ
ಕುಟೈಸಿಯಲ್ಲಿ ಬೇರೆ ಕೋಚ್ ನೋಡಿದ.
ವರ್ಷದೊಳಗೆ ಅವನ ಕೊರಳಲ್ಲಿ ಪದಕ, ಪೇಪರಿನಲ್ಲಿ ಫೋಟೊ.
ಮೇಷ್ಟ್ರು ಆ ಪೇಪರನ್ನು ಜೋಪಾನವಾಗಿ ಕತ್ತರಿಸಿ
ಗೋಡೆಗೆ ಅಂಟಿಸಿದರು.
"ಚೆನ್ನಾಗಿ ಎಸೆದಿದ್ದಾನೆ," ಅಂದರು.
ಆಮೇಲೆ, ಬೀಳಿ.

ಅವರಲ್ಲಿ ಒಂದು ಚೌಕಳಿ ಪುಸ್ತಕ. ಅದರಲ್ಲಿ
ಗೆಲುವು ಬರೆಯಲು ಕಾಲಮ್ಮೇ ಇರಲಿಲ್ಲ.
ಬಂದ ದಿನಕ್ಕೊಂದು ಸಣ್ಣ ಗೀಟು,
ಬಾರದ ದಿನಕ್ಕೆ ಬರಿ ಚೌಕ.
ನನ್ನಪ್ಪ ಆಸ್ಪತ್ರೆ ಸೇರಿದಾಗ ನನ್ನ ಸಾಲಿನಲ್ಲಿ ಒಂಬತ್ತು ಚೌಕ.
ಹತ್ತನೆಯ ಸಂಜೆ ಕೀರಲುವ ಕೇಬಲ್ ಕಾರು ಹತ್ತಿ
ನಮ್ಮ ಗುಡ್ಡದ ಮೇಲಿನ ಮನೆಗೆ ಬಂದರು.
ಒಳಗೆ ಬರಲಿಲ್ಲ. ಅಮ್ಮನ ಕೈಗೆ ಬ್ರೆಡ್ಡು ಕೊಟ್ಟು
ನನ್ನ ಕಡೆ ನೋಡಿ, "ನಾಳೆ ಆರಕ್ಕೆ."
ಹನ್ನೊಂದನೆಯದು ಗೀಟು.

ಏನು ಗೆದ್ದೆ ಎಂದು ಈಗಲೂ ಕೇಳುತ್ತಾರೆ.
ಜಿಲ್ಲಾ ಪಂದ್ಯದಲ್ಲಿ ಒಮ್ಮೆ ಮೂರನೆಯ ಸ್ಥಾನ.
ಇದ್ದವರು ನಾಲ್ವರು,
ಒಬ್ಬನಿಗೆ ಅವತ್ತು ಜ್ವರ.
ಹದಿನೇಳಕ್ಕೆ ಬಿಟ್ಟೆ. ಮದುವೆ, ಕೇಬಲ್ ಕಾರಿನಲ್ಲೇ ಕೆಲಸ;
ಜೂಡೊ ಅಂಗಿ ಅಮ್ಮನ ಕೈಯಲ್ಲಿ
ಅಡುಗೆಮನೆಯ ಮಸಿಬಟ್ಟೆಯಾಯಿತು.

ಕಳೆದ ಜನವರಿ. ನಿಲ್ದಾಣದ ಮೆಟ್ಟಿಲಿಗೆ ಗಾಜಿನಂಥ ಹಿಮ.
ತೋಳಲ್ಲಿ ಮಗಳು ಮಾರಿಟಾ, ಇಪ್ಪತ್ತೆರಡು ತಿಂಗಳು.
ಕಾಲು ಜಾರಿದ್ದು ಗೊತ್ತು.
ಮುಂದಿನದ್ದನ್ನು ಮೈ ನನ್ನನ್ನು ಕೇಳಲಿಲ್ಲ.
ಗದ್ದ ಎದೆಗೆ ಹೋಯಿತು, ಬೆನ್ನು ಬಿಲ್ಲಾಯಿತು,
ಬಲಗೈ ಮಗುವನ್ನು ಅವಚಿತು,
ಎಡಗೈಯೊಂದೇ ಹಿಮಕ್ಕೆ ಬಡಿಯಿತು, ಛಟೀರನೆ.
ಏಳು ಮೆಟ್ಟಿಲು.
ಕೆಳಗೆ ಬಿದ್ದಲ್ಲೇ ಆಕಾಶ ನೋಡುತ್ತ ಮಲಗಿದ್ದೆ.
ಎದೆಯ ಮೇಲೆ ಕೂತ ಮಾರಿಟಾ
ಟೋಪಿ ಸರಿಮಾಡಿಕೊಂಡು ಹೇಳಿದಳು,
ಇನ್ನೊಮ್ಮೆ.

ಮರುದಿನ ಹೋದೆ. ಐದೂವರೆ. ಮೇಷ್ಟ್ರು
ಮೊಣಕಾಲೂರಿ ಚಾಪೆ ಒರೆಸುತ್ತಿದ್ದರು.
ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ,
ಬಾಗಿಲಲ್ಲಿ ಅದೆಲ್ಲ ಬಿಚ್ಚಿಹೋಯಿತು.
ಬಿದ್ದೆ, ಅಂದೆ.
ಬಟ್ಟೆ ಹಿಂಡಿದರು. ಕಪ್ಪು ನೀರು.
"ಯಾವ ಭುಜ?"
ಎಡ.
"ಎಡಕ್ಕೆ ನೀನು ಯಾವಾಗಲೂ ತಡ."

ಕೈ ಚಾಚಿ ನನ್ನ ಭುಜ ಒತ್ತಿ ನೋಡಿದರು,
ಒದ್ದೆ ಬೆರಳುಗಳು, ತಣ್ಣಗೆ, ಎರಡು ಸಲ.
ಹೊರಗೆ ಮೆಟ್ಟಿಲ ಮೇಲೆ ಮಕ್ಕಳ ಬೂಟಿನ ಸದ್ದು.
"ಹೇಗೂ ಬಂದಿದ್ದೀಯಲ್ಲ," ಅಂದರು,
"ಆ ತುದಿ ಹಿಡಿ."