ಹದಿನೇಳನೇ ಸ್ಟೇಜ್

ಗೋಣಿಕೊಪ್ಪದ ಆಲಿಕುಟ್ಟಿಯ ಅಂಗಡಿಯಿಂದ
ಮಾವ ತಂದ ಹಳದಿ ಕ್ಯಾಸೆಟ್ಟು.
ಊದಿ, ಚುಚ್ಚಿ, ಮತ್ತೆ ಊದಿ
ಟೀವಿಗೆ ಜೀವ ಬಂದರೆ
ಇಟ್ಟಿಗೆ ಗೋಡೆ, ಒಳಗೊಂದು ಹಕ್ಕಿ,
ಸುತ್ತ ಗುರುಗುಟ್ಟುವ ಟ್ಯಾಂಕುಗಳು.

ಅದು ಹದ್ದು ಅಂತ ನಾನು.
ಬಲ್ಯವ್ವನಿಗೆ ಅದು ಕೋಳಿ.
ಕಾಫಿ ಕಣದಿಂದ ಕಾಲು ಒರೆಸಿಕೊಂಡು ಬಂದವಳೇ
‘ಕೋಳಿ ಉಳೀತಾ?’ ಅನ್ನೋಳು,
ದಿನಾ, ನೆಂಟರ ಕ್ಷೇಮ ಕೇಳಿದ ಹಾಗೆ.

ಒಂದು ಸಂಜೆ ಎರಡನೇ ರಿಮೋಟು ತಾನೇ ಎತ್ತಿಕೊಂಡಳು.
ಕೈಲ್‌ಪೊಳ್ದಿಗೆ ಮರದ ತುದಿಯ ತೆಂಗಿನಕಾಯಿಗೆ
ಅಣ್ಣಂದಿರು ಗುರಿ ಇಡುವಾಗ
ತೋಟೆ ಎಣಿಸಿ ಕೊಡುವುದಷ್ಟೇ ಅವಳ ಕೆಲಸವಾಗಿತ್ತಂತೆ.
‘ಉಸಿರು ಬಿಗಿಹಿಡಿ, ಆಮೇಲೆ ಒತ್ತು’ ಅಂತ
ನನಗೇ ಪಾಠ.
ಮೊದಲ ಗುಂಡಿಗೇ ಬಿದ್ದದ್ದು ನಮ್ಮ ಕೋಳಿ.
ತಲೆವಸ್ತ್ರ ಜಾರುವಷ್ಟು ನಕ್ಕಳು.

ಆಮೇಲೆ ಇಬ್ಬರೂ ಹದಿನೇಳರವರೆಗೆ ಹೋದೆವು.
ಮುಂದಕ್ಕೆ ಯಾವತ್ತೂ ಇಲ್ಲ:
ಪಕ್ಕದ ತೋಟದಲ್ಲಿ ಪಲ್ಪರ್ ಶುರುವಾದರೆ
ವೋಲ್ಟೇಜು ಬಿದ್ದು, ಪರದೆ ಸಾಸಿವೆಯಂತೆ ಸಿಡಿದು,
ಕತ್ತಲು.
ಕತ್ತಲಲ್ಲೂ ಅವಳ ಹೆಬ್ಬೆರಳು ಒತ್ತುತ್ತಲೇ ಇರುತ್ತಿತ್ತು,
ಟಕ್ ಟಕ್.

ನಿನ್ನೆ ಫೋನಿನಲ್ಲಿ ಅದೇ ಆಟ ಸಿಕ್ಕಿತು.
ಬಸ್ಸು ತಿತಿಮತಿ ದಾಟುವುದರೊಳಗೆ
ಹದಿನೆಂಟೂ ಮುಗಿಯಿತು. ಕರೆಂಟು ಹೋಗಲಿಲ್ಲ.
ಪಕ್ಕದ ಸೀಟಿನ ಹುಡುಗ ಒಮ್ಮೆ ಇಣುಕಿ
ಮತ್ತೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ.
ಹದಿನೆಂಟರಲ್ಲಿ ಏನಿದೆ ಅಂತ
ಯಾರಿಗಾದರೂ ಹೇಳಬೇಕು.

ಅದೇ ಇಟ್ಟಿಗೆ, ಬಲ್ಯವ್ವ.
ಸ್ವಲ್ಪ ನೀರು.
ಕೋಳಿ ಉಳೀತು.