ಹದಿನೇಳನೆಯ ಮನೆ

ಸಂಪೇಕಟ್ಟೆಯಲ್ಲಿ ಬಸ್ಸಿಳಿದಾಗ ನನ್ನ ಚೀಲದಲ್ಲಿದ್ದದ್ದು
ಕಪ್ಪೆಗಳ ಕೂಗು ಹಿಡಿಯುವ ಯಂತ್ರ, ಇಲಾಖೆಯ ನಮೂನೆ ನಾಲ್ಕು ಪ್ರತಿ,
ಎರಡು ಕಿಲೋ ಕಲ್ಲುಪ್ಪು.
ಉಪ್ಪು ಯಾಕೆಂದು ದುಗ್ಗ ಹೇಳಿರಲಿಲ್ಲ.
ತನ್ನಿ ಅಂದಿದ್ದ, ಅಷ್ಟೆ.

ರಾಮಪತ್ರೆ ಜಡ್ಡಿಯಲ್ಲಿ ನೆಲವೆಂಬುದೇ ಒಂದು ಅನುಮಾನ.
ಬೇರುಗಳು ಮೊಣಕಾಲೂರಿ ಎದ್ದು, ಉಸಿರೆಳೆದು,
ಮತ್ತೆ ಕೆಸರಿಗೆ.
ಅವನು ಮೆಟ್ಟಿದ ಬೇರನ್ನೇ ಮೆಟ್ಟುತ್ತ ನಡೆದೆ.
"ಇಲ್ಲಿಗೆ ಯಾರೂ ಬಂದೇ ಇಲ್ಲ ಅಲ್ಲವಾ?" ಅಂದೆ,
ಒಂಚೂರು ಜಂಬದಲ್ಲೇ.
ಅವನು ನಿಂತ. ಉಪ್ಪಾಗೆ ಮರದ ಬುಡ ತೋರಿಸಿದ:
ಹಳೆಯ ಕಚ್ಚನ್ನು ಮರ ನುಂಗಿ ತುಟಿ ಮುಚ್ಚಿಕೊಂಡಿತ್ತು.
"ನಮ್ಮ ಮುತ್ತಜ್ಜನ ಕತ್ತಿ."

ಹಳ್ಳದಾಚೆ, ಕೊಂಬೆಗೆ ಬೆತ್ತದ ಬುಟ್ಟಿ.
ಒಳಗೆ ಒಣಗಿದ ಉಪ್ಪಾಗೆ ಸಿಪ್ಪೆ, ಎಲೆಯಲ್ಲಿ ಸುತ್ತಿದ ಜೇನಿನ ಎರಿ.
ಅದನ್ನು ತೆಗೆದ, ನನ್ನ ಉಪ್ಪನ್ನು ಇಟ್ಟ,
ಒಮ್ಮೆಯೂ ಸುತ್ತ ನೋಡಲಿಲ್ಲ.
"ಯಾರು?"
"ಅತ್ತೆ. ಅತ್ತೆಯ ಮಗಳು. ಒಂದು ಕೂಸೂ ಇರಬೇಕು,
ಈ ಸಲ ಬುಟ್ಟಿ ದೊಡ್ಡದು."
ಸ್ವಲ್ಪ ತಡೆದು: "ಮೊದಲು ಅಣೆಕಟ್ಟಿನ ನೀರು ಬಂತು,
ಆಮೇಲೆ ಸೂಜಿಯವರು, ಆಮೇಲೆ ಫೋಟೋದವರು.
ಅವರಿಗೆ ಬರುವವರು ಸಾಕಾಗಿದ್ದಾರೆ."

ಹೋಗೋಣವಾ, ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು.
ಆಚೆ ದಿಣ್ಣೆಯಲ್ಲಿ ಹೊಗೆ, ಮಂಜಿಗಿಂತ ತುಸು ನೀಲಿ.
"ಹೊಗೆ ಕಂಡಿತಲ್ಲ," ಅಂದ. "ಇನ್ನು ತಿರುಗಿ."

ರಾತ್ರಿ ಕಳ್ಳಬೇಟೆ ತಡೆ ಶಿಬಿರದಲ್ಲಿ, ಟಾರ್ಚು ಹಲ್ಲಲ್ಲಿ ಕಚ್ಚಿ,
ನಮೂನೆ ತುಂಬಿದೆ. ಹದಿನಾರು ಮನೆ ಸಲೀಸು:
ಸಿಂಗಳೀಕ ಹನ್ನೊಂದು, ಕಪ್ಪೆ ಏಳು ಬಗೆ,
ಅದರಲ್ಲೊಂದರ ಕೂಗು ಯಾವ ಪಟ್ಟಿಯಲ್ಲೂ ಇಲ್ಲ.
ಹದಿನೇಳು: ಮನುಷ್ಯರ ಇರವು.

ಇದೆ ಎಂದರೆ ಜೀಪು ಬರುತ್ತದೆ,
ಶೀಟು ಹೊದಿಸಿದ ಸಾಲುಮನೆ, ಕಂಬಳಿ ಹಂಚುವ ಕ್ಯಾಮೆರಾ,
ಯಾರದೋ ಒಂದು ಕೆಮ್ಮು.
ಇಲ್ಲ ಎಂದರೆ ನಕ್ಷೆ ಬರುತ್ತದೆ.
ಯಾರೂ ಇಲ್ಲದ ಕಾಡಿನಲ್ಲಿ ಎಳೆದ ಗೆರೆ
ಯಾರ ಮೈಮೇಲೂ ಹಾಯುವುದಿಲ್ಲ, ಕಾಗದದಲ್ಲಿ.
ಖಾಲಿ ಬಿಡಲೇ? ಖಾಲಿ ಮನೆ ಕಂಡರೆ
ಬೇರೆ ಯಾರೋ ಬಂದು ತುಂಬುತ್ತಾರೆ.

ಇಷ್ಟು ವರ್ಷ ನಾನು ಕಾಡು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ.
ಬೆರಳ ಸಂದಿಯಲ್ಲಿ ಒಂದು ಉಂಬಳ
ಕುಡಿದು ದಪ್ಪಗಾಗಿ ತಾನೇ ಉದುರಿತು.

ದುಗ್ಗನನ್ನು ಎಬ್ಬಿಸಿ ಕೇಳಿದೆ: ಏನು ಬರೆಯಲಿ?
ಅವನು ಕಣ್ಣು ತೆರೆಯಲಿಲ್ಲ.
"ಉಪ್ಪು ಎರಡು ಕಿಲೋ ಖರ್ಚು, ಅಂತ ಬರೀರಿ.
ಕೇಳಿದರೆ,
ಈ ವರ್ಷ ಉಂಬಳ ಜಾಸ್ತಿ ಅನ್ನಿ."