ಚುಕ್ಕಗುಂತ

ಗುಡಿಬಂಡೆಯಿಂದ ಬಾಗೇಪಲ್ಲಿ ಕಡೆಗೆ ಹೊರಟರೆ
ಎಡಕ್ಕೊಂದು ಮಣ್ಣುದಾರಿ, ಅದರ ಕೊನೆಗೆ
ಬಂಡೆಗಳ ನಡುವೆ ಒಂದು ದೊಡ್ಡ ಬೋಗುಣಿ.
ಅಂಚಿನಲ್ಲಿ ನಿಂತು ಕೂಗಿದರೆ
ನಿಮ್ಮದೇ ದನಿ ಒಂದು ಸುತ್ತು ಹಾಕಿ
ಹಿಂದಿನಿಂದ ಬಂದು ಬೆನ್ನು ತಟ್ಟುತ್ತದೆ.
ಊರವರು ಅದಕ್ಕೆ ಚುಕ್ಕಗುಂತ ಅನ್ನುತ್ತಾರೆ.
"ಚುಕ್ಕ ಪಡಿಂದಿ" ಅಂದಳು ಅಜ್ಜಿ, ಅಜ್ಜಿಯ ಅಜ್ಜಿಯೂ.
ಬಿದ್ದದ್ದನ್ನು ಕಂಡವರು ಯಾರೂ ಇಲ್ಲ,
ಬಿದ್ದದ್ದು ಯಾವ ವಾರ ಅಂತ ಮಾತ್ರ
ಕೆಳಗೇರಿಗೂ ಮೇಲುಗೇರಿಗೂ ಇನ್ನೂ ಜಗಳ.

ಆ ಅಂಚಿನ ಕಲ್ಲು ಈಗ ನನ್ನ ಬೆರಳಡಿ ಇದೆ.
ಚಿಕ್ಕಬಳ್ಳಾಪುರದಲ್ಲಿ ಕಾಲೇಜಿನ ಹಿಂದಣ ಶೆಡ್ಡಿನೊಳಗೆ
ನನ್ನ ಕೆಲಸ ಕಲ್ಲನ್ನು ತೆಳ್ಳಗೆ ಮಾಡುವುದು.
ಗಾಜಿನ ಹಲಗೆ, ಕಾರ್ಬೊರಂಡಮ್ ಪುಡಿ, ಎರಡು ಹನಿ ನೀರು;
ಎಂಟು ಬರೆದಂತೆ ಉಜ್ಜು, ತೊಳೆ, ನೋಡು, ಮತ್ತೆ ಉಜ್ಜು.
ಅಪ್ಪನದು ಒಡೆಯುವ ಕೈ, ನನ್ನದು ಸವೆಸುವ ಕೈ.
ಕೂದಲಿನ ಅರ್ಧ ದಪ್ಪಕ್ಕೆ ಇಳಿದಾಗ
ಬೆಟ್ಟವೂ ಬೆಳಕಿಗೆ ದಾರಿ ಬಿಡುತ್ತದೆ.

ವನಮಾಲಾ ಮೇಡಂ ಹೇಳಿದ್ದು ಹೀಗೆ:
ಗುಡ್ಡದಷ್ಟು ಕಲ್ಲು ಮೇಲಿಂದ ಬಂದು ಬಡಿದರೆ
ಬಂಡೆ ಆ ಹೊತ್ತು ಬಂಡೆಯಾಗಿರುವುದಿಲ್ಲ.
ಕುದಿವ ಅಂಬಲಿಗೆ ಸೌಟು ಬಿದ್ದಂತೆ
ಬದಿಗೆ ಸಿಡಿದು, ನಡುವೆ ಗುಪ್ಪೆಯಾಗಿ ಎದ್ದು,
ಎದ್ದಲ್ಲೇ ಗಟ್ಟಿಯಾಗುತ್ತದೆ.
ಒಂದು ಲೋಟ ಕಾಫಿ ಆರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.
ಆಮೇಲೆ ಮಳೆ. ಕೋಟಿ ಕೋಟಿ ವರ್ಷದ ಮಳೆ
ಅಂಚನ್ನು ತಿನ್ನುತ್ತದೆ, ತಳವನ್ನು ತುಂಬುತ್ತದೆ.
ಕೊನೆಗೆ ಬೋಗುಣಿಯೇ ಇರುವುದಿಲ್ಲ,
ಬಿಳಿಹರಳಿನ ಒಳಗೆ ಗೆರೆ ಮಾತ್ರ.

ಕಪಾಟಿನಲ್ಲಿ ಅಂಥದ್ದೊಂದು ಚೂರಿದೆ,
ಉತ್ತರದ ಢಾಲಾದಿಂದ ಬಂದದ್ದು,
ನಮ್ಮಂಥದೇ ಗ್ರಾನೈಟು, ಪೆಟ್ಟು ತಿಂದದ್ದು.
ಸೂಕ್ಷ್ಮದರ್ಶಕದಡಿ ಅದರ ಹರಳಲ್ಲಿ
ಎರಡುಗೆರೆ ಕಾಪಿಯ ಹಾಳೆಗಳನ್ನು
ಓರೆಯಾಗಿ ಒಂದರ ಮೇಲೊಂದು ಅಂಟಿಸಿದ ಹಾಗೆ,
ಯಾವ ಮಳೆಯೂ ಯಾವ ಬೇರೂ ಯಾವ ಉಳಿಯೂ
ಎಳೆಯಲಾರದ ಗೆರೆ.

ಚುಕ್ಕಗುಂತದ್ದು ಇಟ್ಟೆ. ತಟ್ಟೆ ತಿರುಗಿಸಿದೆ.
ಬಿಳುಪು ನಿಧಾನಕ್ಕೆ ಕಪ್ಪಾಯಿತು,
ರಾಗಿಹೊಲದ ಮೇಲೆ ಮೋಡದ ನೆರಳು ಸರಿದಂತೆ:
ನೆಲದಾಳದಲ್ಲಿ, ಯಾರ ಅವಸರವೂ ಇಲ್ಲದೆ,
ಯುಗಯುಗ ಬಾಗಿದ ಕಲ್ಲು.
ಗೆರೆ ಇಲ್ಲ.
ಹದಿನಾರು ಸ್ಲೈಡು. ಗೆರೆ ಇಲ್ಲ.
ಹದಿನೇಳನೆಯದನ್ನು ಯಾರೂ ಕೇಳಿರಲಿಲ್ಲ,
ಊರಿನ ಮುಲಾಜಿಗೆ ನಾನೇ ಉಜ್ಜಿದೆ.
"ನಡುವೆ ಮೆತ್ತನೆ ಕಲ್ಲಿದ್ದಿರಬೇಕು," ಅಂದರು ಮೇಡಂ ಕನ್ನಡಕ ಒರೆಸುತ್ತ,
"ನೀರು ನಿಂತು ನಿಂತು ಕೊಳೆಸಿದೆ, ಅಷ್ಟೇ."

ಸಂಜೆ ಅಪ್ಪನಿಗೆ ಹೇಳಿದೆ. ಗಂಗುಲಪ್ಪ,
ಅದೇ ಅಂಚಿನಲ್ಲಿ ನಲವತ್ತು ವರ್ಷ ಬೆಣೆ ಬಡಿದವನು,
ಬಾಯಿಂದ ಬೀಡಿ ತೆಗೆಯದೆಯೇ ನಕ್ಕ:
"ಇದ್ನ ನನ್ನ ಕೇಳ್ಬಾರ್ದಾ?
ಅಲ್ಲಿ ಇಪ್ಪತ್ತಡಿ ಚಪ್ಪಡಿ ಎತ್ತಿದೀನಿ.
ಬೆಣೆ ಇಟ್ರೆ ದಾರ ಹಿಡಿದಂಗೆ ಸೀಳ್ತಿತ್ತು.
ಚುಕ್ಕ ಬಿದ್ದಿರೋ ಕಲ್ಲು ಹಂಗೆ ಸೀಳ್ತದಾ?
ಏಟು ತಿಂದಿದ್ದು ಬಡಿದ್ರೆ ಬೊದ್ ಅಂತದೆ.
ಇದು ಗಂಟೆ ಕಣಮ್ಮಾ, ಗಂಟೆ."

ಮತ್ತೆ ಊರೆಲ್ಲ ಚುಕ್ಕ ಅಂದಾಗ ನೀನ್ಯಾಕೆ ಸುಮ್ಮನಿದ್ದೆ?

"ಹೆಸರು ಚೆನ್ನಾಗೈತಲ್ಲ."

ಬೀಡಿ ಹಿಡಿದ ಕೈಯ ಹೆಬ್ಬೆರಳು ನೋಡಿದೆ.
ನಾನು ಹುಟ್ಟುವ ಮುಂಚೆ ಸುತ್ತಿಗೆ ತಪ್ಪಿದ್ದು, ಒಂದೇ ಸಲ.
ಉಗುರು ಅಂದಿನಿಂದ ಎಷ್ಟು ಸಲ ಬೆಳೆದಿದೆಯೋ,
ಬ್ಲೇಡು ಹಿಡಿದು ಎಷ್ಟು ಸಲ ಕತ್ತರಿಸಿದ್ದಾನೋ,
ಬುಡದಿಂದ ಹೊಸದಾಗಿ ಬರುವಾಗಲೂ
ಅದೇ ಗೆರೆ ಹೊತ್ತೇ ಬರುತ್ತದೆ.

ವರದಿಗೆ ಬರೆದೆ: ಆಘಾತದ ಗುರುತು ಕಂಡಿಲ್ಲ.
ಹದಿನೇಳನೆಯ ಸ್ಲೈಡಿನ ಚೀಟಿಯಲ್ಲಿ,
ಸ್ಥಳ ಅಂತ ಇರುವ ಕಡೆ,
ಚುಕ್ಕಗುಂತ ಅಂತಲೇ ಬರೆದೆ.